ಮಣ್ಣಿನ ದಿನದವಳು

ನಮ್ಮ ಮನೆಯಲ್ಲಿ ಅವಳಿ ಮಕ್ಕಳ ಲೆಕ್ಕ ತಿರುಗುಮುರುಗು. ಆಮೇಲೆ ಹುಟ್ಟಿದವರೇ ದೊಡ್ಡವರು. "ಡಬ್ಬಿಗೆ ಮೊದಲು ಹಾಕಿದ ಚಕ್ಕುಲಿ ತಳದಲ್ಲಿರುತ್ತೆ, ಕೊನೆಗೆ ತಾನೇ ಕೈಗೆ ಸಿಗೋದು? ಹೊಟ್ಟೇನೂ ಹಾಗೇ" ಎಂದು ಅಜ್ಜಿ ತೀರ್ಪು ಕೊಟ್ಟಿದ್ದರು. ಅಜ್ಜಿಯ ತೀರ್ಪಿನ ಮೇಲೆ ಮಾತಾಡುವ ಧೈರ್ಯ ಮೈಸೂರಿನ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ರಾತ್ರಿ ಹತ್ತೂವರೆಗೆ ಹಂಸಾ ಹುಟ್ಟಿದಳಂತೆ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ನಾನು, ರುಕ್ಮಿಣಿ. ಹಾಗಾಗಿ ನಾನು ಅಕ್ಕ, ಅವಳು ತಂಗಿ. ಮುಖ ಎರಡಕ್ಕೂ ಒಂದೇ ಅಚ್ಚು. ಗುಣ ಮಾತ್ರ ನಾನೆತ್ತ, ಅವಳೆತ್ತ. ನನಗೆ ಮೂಗಿನ ತುದಿಯಲ್ಲೇ ಕೋಪ. ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ನನ್ನಲ್ಲಿ ತಡವಾಗುವುದಿಲ್ಲ. ಹಂಸಾ ಕೇಳಿಸಿಕೊಳ್ಳುವವಳು. ನೀವು ಸಂತೋಷದ ಸುದ್ದಿ ತನ್ನಿ, ದುಃಖದ ಸುದ್ದಿ ತನ್ನಿ, ಅವಳು ಒಂದು ಮಾತೂ ಆಡದೆ ನಿಮ್ಮ ತಲೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದಳು. "ಏನಾದ್ರೂ ಹೇಳೇ, ಮೂಗೀ" ಎಂದು ನಾನು ರೇಗುತ್ತಿದ್ದೆ. ಆದರೂ ಪರೀಕ್ಷೆ ಫಲಿತಾಂಶ ಬಂದಾಗ ಮೊದಲು ಓಡುತ್ತಿದ್ದುದು ಅವಳ ಹತ್ತಿರವೇ.

ಮದುವೆಯಾದ ಮೇಲೆ ಇಬ್ಬರೂ ಒಂದೇ ದೇಶಕ್ಕೆ ಬಂದೆವು. ನಾನು ಪರ್ತ್‌ಗೆ, ಅವಳು ಬ್ರಿಸ್ಬೇನ್‌ಗೆ. ಒಂದೇ ದೇಶ ಎಂದು ನಮ್ಮಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಸಂಭ್ರಮಪಟ್ಟರು. ಆ ಎರಡು ಊರುಗಳ ನಡುವೆ ವಿಮಾನದಲ್ಲಿ ಅರ್ಧ ದಿನ ಹೋಗುತ್ತದೆ ಎಂದು ಅವರಿಗೆ ಹೇಳಿದವರಿಲ್ಲ. ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ನಾನು ಬೆಳಗಿನ ಕಾಫಿ ಕುಡಿಯುವಾಗ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಅವಳ ತಿಂಡಿಯೂ ಮುಗಿದಿರುತ್ತಿತ್ತು. ಫೋನಿನಲ್ಲಿ ನಾನು ಮಾತಾಡುವುದು, ಅವಳು ಹೂಂಗುಡುವುದು. ಹೀಗೇ ವರ್ಷಗಳು ಕಳೆದವು.

ಎರಡು ಸಾವಿರದ ಹದಿನಾಲ್ಕರ ಆಗಸ್ಟಿನಲ್ಲಿ ಹಂಸಾ ಹೋಗಿಬಿಟ್ಟಳು. ಮಿದುಳಿನಲ್ಲಿ ರಕ್ತನಾಳ ಒಡೆಯಿತು ಎಂದರು. ಅವಳ ಗಂಡ ದಿನೇಶ ಫೋನ್ ಮಾಡಿ "ಅಕ್ಕ, ಬೇಗ ಬನ್ನಿ" ಅಂದ. ಬೇಗ ಹೋಗಲು ಪರ್ತ್ ಎಲ್ಲಿ, ಬ್ರಿಸ್ಬೇನ್ ಎಲ್ಲಿ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾರನೆಯ ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಿದ್ದೆ. ಬ್ರಿಸ್ಬೇನ್‌ನಲ್ಲೂ ಆಗಸ್ಟ್ ಬೆಳಿಗ್ಗೆ ಚಳಿ ಇರುತ್ತದೆ. ಬಾಗಿಲ ಹಿಂದೆ ಹಂಸಾಳ ಬೂದು ಬಣ್ಣದ ಸ್ವೆಟರ್ ನೇತಾಡುತ್ತಿತ್ತು. ಏನೂ ಯೋಚಿಸದೆ ಹಾಕಿಕೊಂಡೆ. ಹಿಂದಿನಿಂದ "ಅಮ್ಮಾ" ಎಂಬ ದನಿ ಕೇಳಿತು. ತಿರುಗಿದೆ. ಹಂಸಾಳ ಒಬ್ಬಳೇ ಮಗಳು ಪಾರ್ವತಿ, ನಮ್ಮ ಪಾರು, ನಿದ್ದೆಗಣ್ಣಿನಲ್ಲಿ ಬಾಗಿಲಲ್ಲಿ ನಿಂತಿದ್ದಳು. ಆಗಿನ್ನೂ ಶಾಲೆ ಮುಗಿಸದ ಹುಡುಗಿ. ನನ್ನನ್ನು ನೋಡಿ ಅಷ್ಟು ಸಂತೋಷ ಯಾರ ಮುಖದಲ್ಲೂ ನಾನು ಕಂಡಿರಲಿಲ್ಲ. ಕಣ್ಣು ಪೂರ್ತಿ ಬಿಡುವಷ್ಟರಲ್ಲಿ ಅದು ಆರಿಹೋಯಿತು.

ಅಂದಿನಿಂದ ಆ ಮಗು ನನ್ನ ಮುಖ ನೋಡಲಿಲ್ಲ. ಎದುರಿಗಿದ್ದರೆ ನನ್ನ ಭುಜಕ್ಕೆ ಮಾತಾಡುತ್ತಿದ್ದಳು. ನಾನು ಪರ್ತ್‌ಗೆ ಬಂದ ಮೇಲೆ ವೀಡಿಯೊ ಕರೆ ಮಾಡಿದರೆ ಎತ್ತಲಿಲ್ಲ. ಮೆಸೇಜಿಗೆ "ಐ ಆ್ಯಮ್ ಗುಡ್" ಎಂಬ ಉತ್ತರ ಬರುತ್ತಿತ್ತು. ಆಮೇಲೆ ಫಿಸಿಯೋಥೆರಪಿ ಓದಲು ಅಡಿಲೇಡ್‌ಗೆ ಹೋದಳು. ಪರ್ತ್‌ಗೂ ಬ್ರಿಸ್ಬೇನ್‌ಗೂ ನಡುವೆ ಇರುವ ಊರು, ನನಗೆ ಒಂದಿಷ್ಟು ಹತ್ತಿರವೇ ಆಯಿತು ಎಂದುಕೊಂಡೆ. ಎಷ್ಟು ಸಲ "ಬರಲಾ" ಎಂದು ಕೇಳಿದರೂ ಅವಳಿಗೆ ಪರೀಕ್ಷೆ ಇರುತ್ತಿತ್ತು. ಪರೀಕ್ಷೆ ಎಲ್ಲಿಯದು ಎಂದು ನನಗೆ ಗೊತ್ತಿಲ್ಲವೇ? ತಪ್ಪು ಅವಳದಲ್ಲ, ನನ್ನ ಮುಖದ್ದು. ಮುಖ ತೆಗೆದಿಟ್ಟು ಹೋಗುವುದು ಸಾಧ್ಯವಿದ್ದರೆ ಹೋಗಿಬಿಡುತ್ತಿದ್ದೆ. ನನಗೆ ಮಕ್ಕಳಿಲ್ಲ. ಹಂಸಾ ಬಿಟ್ಟುಹೋದದ್ದರಲ್ಲಿ ನನಗೆ ಬೇಕಾದದ್ದು ಪಾರು ಒಬ್ಬಳೇ. ಅವಳು ಒಂದು ಸಲ ನನ್ನ ಮುಖ ನೋಡಿ ಮಾತಾಡಿದರೆ ಸಾಕಿತ್ತು.

ಹೀಗಿರುವಾಗ ಮಿಸೆಸ್ ಲಿಮ್ ನನ್ನ ತಲೆಗೆ ಮಣ್ಣು ಹಾಕಿದಳು. ಬೈಗುಳವಲ್ಲ, ನಿಜವಾಗಿ ಆದದ್ದು.

ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮಿಸೆಸ್ ಲಿಮ್ ಎಲ್ಲರಿಗಿಂತ ಹಳಬಳು. ಮಲೇಷ್ಯಾದ ಇಪೋ ಎಂಬ ಊರಿನ ಚೀನೀ ಹೆಂಗಸು. ಊಟದ ವೇಳೆಯಲ್ಲಿ ಜನರ ಹುಟ್ಟಿದ ದಿನ ಕೇಳಿ ಸ್ವಭಾವ ಹೇಳುವುದು ಅವಳ ಖಯಾಲಿ. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ತಲೆಯಲ್ಲಿ ಅದು ಉಳಿದಿರುವುದು ಕನ್ನಡದಲ್ಲಿ.

"ಚೀನೀ ಲೆಕ್ಕದಲ್ಲಿ ನಾನು ಇಲಿ ವರ್ಷದವಳು" ಎಂದೆ ಒಂದು ದಿನ, ಮೊಸರನ್ನ ತಿನ್ನುತ್ತ.

"ವರ್ಷದ ಪ್ರಾಣಿ ಎಲ್ಲಾ ಹೋಟೆಲ್ ಟೇಬಲ್ ಮೇಲೆ ಹಾಸೋ ಕಾಗದಕ್ಕೆ ಸರಿ" ಎಂದು ಅವಳು ಮೂಗು ಮುರಿದಳು. "ಆ ವರ್ಷ ಎಷ್ಟು ಕೋಟಿ ಜನ ಹುಟ್ಟಿರ್ತಾರೆ, ಎಲ್ಲರೂ ಒಂದೇ ಥರಾನಾ? ಮನುಷ್ಯ ಏನು ಅಂತ ತಿಳೀಬೇಕಾದ್ರೆ ದಿನ ನೋಡಬೇಕು. ಮರ, ಬೆಂಕಿ, ಮಣ್ಣು, ಲೋಹ, ನೀರು. ಒಂದೊಂದರಲ್ಲಿ ಗಟ್ಟಿ ದಿನ ಒಂದು, ಮೆತ್ತನೆ ದಿನ ಒಂದು. ಹೇಳು, ಯಾವತ್ತು ಹುಟ್ಟಿದ್ದು?"

ಹೇಳಿದೆ. ಅವಳಿಗಳು ಎಂದೂ, ಒಬ್ಬಳು ಹತ್ತೂವರೆಗೆ, ಇನ್ನೊಬ್ಬಳು ಹನ್ನೆರಡರ ಹತ್ತಿರ ಎಂದೂ ಹೇಳಿದೆ. ಅವಳ ಕಣ್ಣರಳಿತು.

"ನಮ್ಮಲ್ಲಿ ರಾತ್ರಿ ಹನ್ನೊಂದಕ್ಕೇ ಹೊಸ ದಿನ ಶುರು. ಅಂದ್ರೆ ನೀವಿಬ್ಬರೂ ಬೇರೆ ಬೇರೆ ದಿನದವರು. ನಿಮ್ಮಲ್ಲಿ ದೊಡ್ಡವಳು ಯಾರು?"

"ನಾನೇ" ಎಂದೆ. ಹುಟ್ಟಿದಂದಿನಿಂದ ಯಾರು ಕೇಳಿದರೂ ಅದೇ ಉತ್ತರ. ಯೋಚಿಸುವ ಪ್ರಶ್ನೆಯೇ ಅಲ್ಲ.

ಅವಳು ಫೋನಿನಲ್ಲಿ ಏನೋ ಒತ್ತಿ, ಬೆರಳು ಮಡಚಿ ಎಣಿಸಿ, ನನ್ನ ಕೈ ಹಿಡಿದುಕೊಂಡಳು. "ನೀನು ಮೆತ್ತನೆ ಮಣ್ಣು. ತೋಟದ ಮಣ್ಣು. ಯಾರು ಏನು ತಂದು ಸುರಿದರೂ ಒಳಗೆ ಎಳ್ಕೊಳ್ತೀಯ. ಎಲ್ಲರನ್ನೂ ಬೆಳೆಸ್ತೀಯ. ಬೇಡ ಅನ್ನೋಕೆ ನಿನಗೆ ಬರಲ್ಲ. ನಿನಗೇನು ಬೇಕು ಅಂತ ಯಾರಿಗೂ ಹೇಳಲ್ಲ. ಮೇಲೆ ಒಣಗಿದ ಹಾಗೆ ಕಂಡ್ರೂ ಕೆಳಗೆ ತೇವ ಇರುತ್ತೆ. ಜನ ನಿನ್ನ ಹತ್ತಿರ ಬಂದು ಮಾತಾಡಿ ಹಗುರಾಗಿ ಹೋಗ್ತಾರೆ. ಹೇಗಿದ್ದೀಯ ಅಂತ ನಿನ್ನ ಕೇಳೋದು ಮರೀತಾರೆ."

ನಾನೇ? ನಾನು ಬಾಯಿ ಬಿಟ್ಟರೆ ಲ್ಯಾಬಿನ ಹುಡುಗರು ಗಾಜಿನ ಟ್ಯೂಬುಗಳನ್ನು ಕೆಳಗಿಟ್ಟು ನಿಲ್ಲುತ್ತಾರೆ. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಎಲ್ಲಿ ತಪ್ಪಿತು ಎಂದು ಅಷ್ಟರಲ್ಲಿ ಹೊಳೆದಿತ್ತು. ದೊಡ್ಡವಳು ಎಂದರೆ ಮೊದಲು ಹುಟ್ಟಿದವಳು ಎಂದು ಅವಳು ತಿಳಿದಳು. ಇಡೀ ಲೋಕ ಹಾಗೆಯೇ ತಿಳಿಯುತ್ತದೆ, ನಮ್ಮಜ್ಜಿ ಒಬ್ಬರನ್ನು ಬಿಟ್ಟು. ಅವಳು ಹಿಡಿದಿದ್ದುದು ನನ್ನ ಕೈ, ಹೇಳಿದ್ದು ಹಂಸಾಳ ದಿನ.

ತಿದ್ದಬೇಕಿತ್ತು. ಬೇರೆಯವರ ತಪ್ಪು ತಿದ್ದದೆ ನನಗೆ ಊಟ ಇಳಿಯುವುದಿಲ್ಲ. ಆದರೆ ಹಂಸಾ ಹೋಗಿ ಮೂರು ವರ್ಷವಾಗಿತ್ತು. ಅವಳ ಬಗ್ಗೆ ಯಾರೂ ಹೀಗೆ ಮಾತಾಡಿರಲಿಲ್ಲ. ಅವಳನ್ನು ಒಂದು ಸಲವೂ ನೋಡದ ಹೆಂಗಸೊಬ್ಬಳು ಅವಳನ್ನು ಕಂಡವಳಂತೆ ಹೇಳುತ್ತಿದ್ದಾಳೆ. ಬಾಯಿ ತೆರೆದರೆ ನಿಂತುಹೋಗುತ್ತದೆ. "ಇನ್ನೂ ಹೇಳು" ಎಂದೆ.

ಸಂಜೆ ನನ್ನ ಗಂಡ ರಮಾಕಾಂತ್‌ಗೆ ಹೇಳಿದೆ. ಅವರು ಗಣಿ ಕಂಪನಿಯಲ್ಲಿ ಇಂಜಿನಿಯರು, ಮಣ್ಣು ಕಲ್ಲಿನ ವಿಷಯದಲ್ಲಿ ತಾವೇ ಪಂಡಿತರು ಎಂದು ನಂಬಿದವರು.

"ನೀನಾ? ಮೆತ್ತನೆ ಮಣ್ಣಾ? ರುಕ್ಕು, ನಿನ್ನ ಅಗೀಬೇಕಾದ್ರೆ ಡೈನಮೈಟ್ ಬೇಕು ಕಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇದು ಹಂಸಾ ಅಲ್ವಾ?" ಎಂದರು.

"ಹೂಂ ರೀ."

ಅವರು ಎದ್ದುಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬಂದರು.

ಅಲ್ಲಿಂದ ನನಗೆ ಊಟದ ವೇಳೆಯ ಚಾಳಿ ಹಿಡಿಯಿತು. ಚಕ್ಕುಲಿ, ಕೋಡುಬಳೆ ಮಾಡಿಕೊಂಡು ಹೋಗಿ ಮಿಸೆಸ್ ಲಿಮ್ ಮುಂದೆ ಇಡುವುದು, ಮಣ್ಣಿನ ದಿನದವರ ಬಗ್ಗೆ ಕೇಳುವುದು. ಇಂಥವರು ಸಿಟ್ಟಾದರೆ ಏನು ಮಾಡುತ್ತಾರೆ? ಮೌನವಾಗಿ ಮನೆಯೆಲ್ಲ ಗುಡಿಸುತ್ತಾರೆ. ಹೌದು, ಹಂಸಾ ಹಾಗೇ. ಯಾರನ್ನು ಹೆಚ್ಚು ಹಚ್ಚಿಕೊಳ್ಳುತ್ತಾರೆ? ಗಲಾಟೆ ಮಾಡುವವರನ್ನು. ಇದನ್ನು ಕೇಳಿದ ದಿನ ಕೈತೊಳೆಯುವ ನೆಪದಲ್ಲಿ ಎದ್ದುಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಒಂದು ಭಾನುವಾರ, ಏನು ಹುಮ್ಮಸ್ಸು ಬಂತೋ, ಪಾರುಗೆ ಮೆಸೇಜ್ ಹಾಕಿದೆ. ಚೀನೀಯರ ಪ್ರಕಾರ ನಿನ್ನ ಅಮ್ಮ ತೋಟದ ಮಣ್ಣು, ಜನ ಅವಳ ಹತ್ತಿರ ಬಂದು ಹಗುರಾಗಿ ಹೋಗುತ್ತಾರೆ, ಹೇಗಿದ್ದೀಯ ಎಂದು ಅವಳನ್ನು ಕೇಳಲು ಮರೆಯುತ್ತಾರೆ. ಇಷ್ಟೇ ಬರೆದದ್ದು. ಎಂದಿನ "ಐ ಆ್ಯಮ್ ಗುಡ್" ಬರುತ್ತದೆ ಎಂದುಕೊಂಡು ಬಟ್ಟೆ ಮಡಿಸುತ್ತಿದ್ದೆ. ಫೋನ್ ಹೊಡೆದುಕೊಂಡಿತು. ಬರೀ ದನಿ, ವೀಡಿಯೊ ಇಲ್ಲ.

"ದೊಡ್ಡಮ್ಮ, ಹೂ ಟೋಲ್ಡ್ ಯೂ ದಿಸ್?" ಎಂದಳು. ಪಾರುಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವಳು ಮಾತಾಡುತ್ತಿದ್ದುದು ತಾಯಿಯ ಹತ್ತಿರ ಮಾತ್ರ. ತಾಯಿ ಹೋದ ಮೇಲೆ ಅದೂ ನಿಂತಿತ್ತು.

ಮಿಸೆಸ್ ಲಿಮ್ ಕಥೆ ಹೇಳಿದೆ. ಇನ್ನೂ ಏನೇನು ಹೇಳಿದಳು ಎಂದು ಕೇಳಿದಳು. ಮನೆ ಗುಡಿಸುವುದನ್ನು ಹೇಳಿದಾಗ ಆ ಕಡೆಯಿಂದ ನಗು, ಅಳು ಎರಡೂ ಕೇಳಿಸಿತು. "ಕ್ಯಾನ್ ಐ ಕಾಲ್ ನೆಕ್ಸ್ಟ್ ಸಂಡೇ ಆಫ್ಟರ್‌ನೂನ್?" ಎಂದು ಅವಳೇ ಕೇಳಿದಳು. ಫೋನ್ ಇಟ್ಟ ಮೇಲೆ ಮಡಿಸಿದ ಬಟ್ಟೆಯನ್ನೆಲ್ಲ ಇನ್ನೊಮ್ಮೆ ಮಡಿಸಿದೆ. ಏನಾದರೂ ಮಾಡಬೇಕಿತ್ತಲ್ಲ.

ಭಾನುವಾರಗಳು ಹೀಗೆ ಸಾಗಿದವು. ಮಿಸೆಸ್ ಲಿಮ್ ಹೇಳಿದ್ದನ್ನು ನಾನು ಅಡಿಲೇಡ್‌ಗೆ ಮುಟ್ಟಿಸುವುದು. ಆದರೆ ಶಾಸ್ತ್ರಕ್ಕೂ ಒಂದು ಕೊನೆ ಇರುತ್ತದೆ. ಒಂದು ದಿನ ಮಿಸೆಸ್ ಲಿಮ್ ಕೋಡುಬಳೆ ಕಡಿಯುತ್ತ, "ಇಷ್ಟೇ ಕಣಮ್ಮ, ಹೇಳಿದ್ದನ್ನೇ ಹೇಳ್ಬೇಕು ಇನ್ನು" ಎಂದುಬಿಟ್ಟಳು. ಭಾನುವಾರ ಹೇಳಲು ಏನೂ ಇಲ್ಲದಿದ್ದರೆ ಹುಡುಗಿ ಫೋನ್ ಯಾಕೆ ಮಾಡುತ್ತಾಳೆ?

ಸರಿ, ನಾನೇ ಚೀನೀ ಪಂಡಿತಳಾದೆ.

"ಮಣ್ಣಿನ ದಿನದವರು ಬಾಳೆಹಣ್ಣು ತಂದ್ರೆ ಒಳ್ಳೇದನ್ನೆಲ್ಲ ಬೇರೆಯವರಿಗೆ ಕೊಟ್ಟು ಕಪ್ಪಗಾಗಿರೋದು ತಾವು ತಿಂತಾರಂತೆ" ಎಂದೆ. ಪಾರು ಹೂಂ ಅಂದಳು. ಧೈರ್ಯ ಬಂತು. "ಮಣ್ಣಿನ ದಿನದವರಿಗೆ ಸೈಕಲ್ ಕಲಿಸೋಕೆ ಆಗಲ್ಲ, ಬೀಳ್ತೀನಿ ಅಂತ ಅಲ್ಲ, ಯಾರಿಗಾದ್ರೂ ಗುದ್ದಿಬಿಡ್ತೀನಿ ಅಂತ ಭಯ." ಅದಕ್ಕೂ ಹೂಂ. "ಅವರಿಗೆ ಚೌಕಾಸಿ ಬರಲ್ಲ. ದೇವರಾಜ ಮಾರ್ಕೆಟ್‌ನಲ್ಲಿ ಹೂವಿನವಳು ಒಂದು ಮೊಳಕ್ಕೆ ಎಷ್ಟು ಹೇಳಿದ್ರೂ ಕೊಟ್ಟು, ಮಳೇಲಿ ಕೂತಿದೀಯಲ್ಲ ಅಂತ ಇನ್ನೂ ಒಂದು ರೂಪಾಯಿ..."

"ದೊಡ್ಡಮ್ಮ" ಎಂದಳು ಪಾರು. "ಈಸ್ ದೇವರಾಜ ಮಾರ್ಕೆಟ್ ಇನ್ ಚೈನೀಸ್ ಆಸ್ಟ್ರಾಲಜಿ?"

ಸಿಕ್ಕಿಬಿದ್ದೆ. ನನಗೆ ಯಾವತ್ತೂ ಸುಳ್ಳು ಹೇಳಲು ಬಂದಿಲ್ಲ. ಆದರೆ ಅವಳು ನಗುತ್ತಿದ್ದಳು. ಬಹಳ ಹೊತ್ತು ನಕ್ಕಳು. ಆಮೇಲೆ, ಚೀನೀಯರದು ಸಾಕು, ಮೈಸೂರಿನದೇ ಹೇಳಿ ಎಂದಳು ತನ್ನ ಇಂಗ್ಲಿಷಿನಲ್ಲಿ. ಅಂದಿನಿಂದ ನಾನು ನೇರವಾಗಿ ಹಂಸಾಳ ಕಥೆಯನ್ನೇ ಹೇಳತೊಡಗಿದೆ. ಕಥೆ ಮುಗಿಯುವ ಭಯವೂ ಹೋಯಿತು. ಆದರೆ ವೀಡಿಯೊ ಮಾತ್ರ ಅವಳು ಹಾಕಲಿಲ್ಲ. ಭಾನುವಾರ ಫೋನ್ ಬರುವ ಮುಂಚೆ ನಾನು ಮುಖ ತೊಳೆದು ತಲೆ ಬಾಚಿಕೊಂಡು ಕೂರುತ್ತಿದ್ದೆ. ಎಲ್ಲಾದರೂ ಹಾಕಿಬಿಟ್ಟರೆ ಎಂದು.

ಒಂದು ವಾರ ಪಾರು ಕೇಳಿದಳು, "ವಾಟ್ಸ್ ಯುವರ್ ಡೇ, ದೊಡ್ಡಮ್ಮ?"

ಅದನ್ನು ನಾನು ಕೇಳಿಯೇ ಇರಲಿಲ್ಲ. ಕೇಳಬೇಕಾದರೆ ಮಿಸೆಸ್ ಲಿಮ್ ಮುಂದೆ ನಿಜ ಹೇಳಬೇಕಿತ್ತು. ಮರುದಿನ ಹೇಳಿದೆ, ಅಜ್ಜಿಯ ಡಬ್ಬಿ ಚಕ್ಕುಲಿ ಸಮೇತ.

ಮಿಸೆಸ್ ಲಿಮ್ ಚಮಚ ಕೆಳಗಿಟ್ಟಳು. "ಅಂದ್ರೆ ಇಷ್ಟು ದಿನ ನಾನು ಹೇಳಿದ್ದು ನಿನ್ನ ತಂಗಿ ಬಗ್ಗೆ?"

"ಹೌದು. ಬೇಜಾರಾ?"

"ನಿನಗೆ ಇದು ಒಪ್ಪಲ್ಲ ಅಂತ ಮೊದಲನೇ ದಿನವೇ ಅನ್ನಿಸಿತ್ತು. ನನ್ನ ಶಾಸ್ತ್ರವೇ ಸುಳ್ಳೇನೋ ಅಂತ ಎರಡು ದಿನ ನಿದ್ದೆ ಬಂದಿರಲಿಲ್ಲ" ಎಂದು ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದಳು, ಈ ಸಲ ಗಟ್ಟಿಯಾಗಿ. "ನೀನು ಲೋಹ. ಗಟ್ಟಿ ಲೋಹ, ಕೊಡಲಿ. ಮಾತು ನೆಟ್ಟಗೆ ಬೀಳುತ್ತೆ. ಸಿಟ್ಟು ಜಾಸ್ತಿ. ಒಂದು ಸಲ ನಮ್ಮವರು ಅಂದ್ಕೊಂಡ್ರೆ ಪ್ರಾಣ ಹೋದ್ರೂ ಬಿಡಲ್ಲ. ಸುಮ್ಮನಿರೋದು ಒಂದು ಬಿಟ್ಟು ಇನ್ನೇನು ಬೇಕಾದ್ರೂ ಮಾಡ್ತೀಯ. ಇನ್ನೊಂದು ಕೇಳು. ನಮ್ಮ ಲೆಕ್ಕದಲ್ಲಿ ಲೋಹ ಹುಟ್ಟೋದು ಮಣ್ಣಲ್ಲಿ. ಮಣ್ಣಿನ ದಿನ ಮೊದಲು, ಲೋಹದ ದಿನ ಆಮೇಲೆ. ಅವಳು ನಿನ್ನ ಸಾಕಿದವಳು."

ಐವತ್ತರ ಹತ್ತಿರದ ಹೆಂಗಸು ನಾನು. ಬದುಕಿಡೀ ಅವಳಿಂದ ಅಕ್ಕ ಎನ್ನಿಸಿಕೊಂಡೆ. ಅವಳನ್ನು ಒಂದು ಸಲ ಅಕ್ಕ ಎಂದು ಕರೆಯಬೇಕು ಎಂದು ಆ ಕ್ಷಣದಲ್ಲಿ ಎಷ್ಟು ಆಸೆಯಾಯಿತು ಎಂದರೆ, ಬ್ರಿಸ್ಬೇನಿನ ಹಳೆಯ ನಂಬರಿಗೆ ಬೆರಳು ಹೋಯಿತು. ಅದು ಈಗ ಯಾರದೋ.

ಭಾನುವಾರ ಪಾರುಗೆ ಕೊಡಲಿಯ ಕಥೆ ಹೇಳಿದೆ. ಅವಳು ಅಡಿಲೇಡ್‌ಗೆ ಬರುತ್ತೀರಾ ಎಂದಳು. ಪರೀಕ್ಷೆಗಳು ಮುಗಿದಿವೆ ಎಂದೂ ಸೇರಿಸಿದಳು.

ಅಲ್ಲಿಯ ಗ್ಲೆನೆಲ್ಗ್‌ನ ಸಮುದ್ರದ ದಂಡೆಯಲ್ಲಿ ಸಿಗುವುದೆಂದು ಗೊತ್ತುಮಾಡಿದೆವು. ನಾನು ಮೊದಲೇ ಹೋಗಿ ಸಮುದ್ರಕ್ಕೆ ಮುಖ ಮಾಡಿ ಬೆಂಚಿನ ಮೇಲೆ ಕುಳಿತೆ. "ನಾನು ತಿರುಗಲ್ಲ ಪುಟ್ಟಿ, ನೀನು ಪಕ್ಕದಲ್ಲಿ ಕೂತ್ಕೊ ಸಾಕು" ಎಂದು ಮೆಸೇಜ್ ಹಾಕಿದ್ದೆ. ಅವಳು ಬಂದಳು. ಪಕ್ಕದಲ್ಲಿ ಕುಳಿತಳು. ಇಬ್ಬರೂ ನೀರು ನೋಡುತ್ತಿದ್ದೆವು. ಗಾಳಿ ಸುಯ್ಯೆನ್ನುತ್ತಿತ್ತು. ಕಣ್ಣಂಚಿನಲ್ಲಿ ಅವಳ ಕೈ ಕಾಣುತ್ತಿತ್ತು, ಹಂಸಾಳದೇ ಉದ್ದ ಬೆರಳು. ತಿರುಗಬಾರದೆಂದು ಕತ್ತು ಬಿಗಿಹಿಡಿದು ಹಿಡಿದು ನೋವು ಬಂತು.

"ದೊಡ್ಡಮ್ಮ, ನನ್ನನ್ನ ಬೈಯಿರಿ" ಎಂದಳು. ಕನ್ನಡದಲ್ಲೇ.

"ಏನು?"

"ಪ್ಲೀಸ್. ಜೋರಾಗಿ."

ಕೊಡಲಿಗೆ ಇದಕ್ಕಿಂತ ಏನು ಬೇಕು. ನಾಲ್ಕು ವರ್ಷದ್ದೆಲ್ಲ ಹೊರಗೆ ಬಂತು. "ಈ ಗಾಳೀಲಿ ಒಂದು ತೆಳ್ಳನೆ ಬಟ್ಟೆ ಹಾಕ್ಕೊಂಡ್ ಬಂದಿದೀಯಲ್ಲ, ಬುದ್ಧಿ ಇದ್ಯಾ ನಿನಗೆ? ಮಣಿಕಟ್ಟು ನೋಡು, ಕಡ್ಡಿ! ಏನು ತಿಂತೀಯ? ದಿನಾ ನೂಡಲ್ಸಾ? ಐ ಆ್ಯಮ್ ಗುಡ್ ಅಂತೆ, ಐ ಆ್ಯಮ್ ಗುಡ್! ಯಾರಿಗೇ ಬೇಕಿತ್ತು ನಿನ್ನ ಗುಡ್ಡು? ಚೆನ್ನಾಗಿಲ್ಲ ದೊಡ್ಡಮ್ಮ ಅಂತ ಒಂದು ದಿನ ಹೇಳಿದ್ರೆ ನಾನು ನಡ್ಕೊಂಡಾದ್ರೂ ಬರ್ತಿದ್ದೆ ಕಣೇ, ಕತ್ತೆ!" ಕೈ ಬೀಸಿ, ದನಿ ಏರಿಸಿ ಬೈದೆ. ಐಸ್‌ಕ್ರೀಮ್ ತಿನ್ನುತ್ತಿದ್ದ ಒಬ್ಬ ಮುದುಕ ಬೆಂಚು ಬದಲಾಯಿಸಿದ. ಬೈಯುವ ಭರದಲ್ಲಿ ಅವಳ ಕಡೆ ತಿರುಗಿಬಿಟ್ಟಿದ್ದೆ.

ಪಾರು ನನ್ನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ತಪ್ಪಿಸಲಿಲ್ಲ. ಕೆನ್ನೆಯ ಮೇಲೆ ನೀರು, ಬಾಯಲ್ಲಿ ನಗು.

"ಅಮ್ಮ ಒಂದ್ಸಲಾನೂ ಹೀಗೆ ಬೈದಿಲ್ಲ" ಎಂದಳು. "ಇದು ನೀವೇ."

ಮೂರು ದಿನ ಅವಳ ಪುಟ್ಟ ಮನೆಯಲ್ಲಿದ್ದೆ. ಸಾರು ಮಾಡಿದೆ, ಫ್ರಿಜ್ ತೊಳೆದೆ, ಬೇಕಾದಷ್ಟು ಬೈದೆ. ಅವಳು ನನ್ನ ಮುಖ ನೋಡುತ್ತಲೇ ತಿಂದಳು, ಜಗಳವಾಡಿದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಕರೆದುಕೊಂಡು ಬಂದಳು. ಕಾರು ನಿಲ್ಲಿಸಿದ ಮೇಲೂ ಸ್ಟೇರಿಂಗ್ ಹಿಡಿದು ಕುಳಿತೇ ಇದ್ದಳು.

"ಏನೇ ಅದು, ಹೊತ್ತಾಗುತ್ತೆ, ಬ್ಯಾಗ್..."

"ದೊಡ್ಡಮ್ಮ, ಸ್ವಲ್ಪ ಹೊತ್ತು ಮಾತಾಡಬೇಡಿ. ಸುಮ್ನೆ ಇರಿ. ಪ್ಲೀಸ್."

ಹೇಳಲು ಎಷ್ಟು ಇತ್ತು. ಟೈರಿಗೆ ಗಾಳಿ ಹೊಡೆಸು, ಬಾಗಿಲಿಗೆ ಬೀಗ ಹಾಕು, ಚಟ್ನಿಪುಡಿ ಮುಗಿಯುವ ಮುಂಚೆ ಹೇಳು. ಎಲ್ಲವನ್ನೂ ನುಂಗಿ ಬಾಯಿ ಮುಚ್ಚಿದೆ. ಹುಬ್ಬು ಸಡಿಲ ಬಿಟ್ಟೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ, ಹಂಸಾ ಇಡುತ್ತಿದ್ದ ಹಾಗೆ. ಅವಳ ಮುಖ ನನ್ನ ಮುಖದ ಮೇಲೆ ಬಂದು ಕೂತದ್ದು ನನಗೇ ಗೊತ್ತಾಯಿತು. ಪಾರು ತಿರುಗಿ ನೋಡಿದಳು. ಹಾಗೆ ನೋಡಲು ಅವಳಿಗೆ ನಾನಾದರೂ ಇದ್ದೇನೆ. ನನಗೆ ನೋಡಲು ಯಾರೂ ಇಲ್ಲ.

"ಅಮ್ಮ" ಎಂದಳು ಮೆಲ್ಲಗೆ. "ನಾನು ಪಾಸಾದೆ. ಫಸ್ಟ್ ಕ್ಲಾಸ್ ಬಂತು. ಇಲ್ಲೇ ಆಸ್ಪತ್ರೇಲಿ ಕೆಲಸ ಸಿಕ್ಕಿದೆ. ನಿನಗೆ ಮೊದಲು ಹೇಳಬೇಕು ಅಂತ ಯಾರಿಗೂ ಹೇಳಿಲ್ಲ."

ನಾನು ಏನೂ ಹೇಳಲಿಲ್ಲ. ಅವಳ ತಲೆಯ ಮೇಲೆ ಅಂಗೈ ಇಟ್ಟೆ.